ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ಲ್ಯಾಪ್‌ಟಾಪ್ ಬ್ಯಾಟರಿ ಬೇಗ ಮುಗಿಯುತ್ತಿದೆಯೇ? ಮೊದಲು ಅಳೆಯಿರಿ, ಆಮೇಲೆ ಸರಿಪಡಿಸಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಆಸುಪಾಸಿನಲ್ಲಿ, ನಮ್ಮ ಚಿಕ್ಕಮಗಳೂರಿನ ಸುತ್ತಮುತ್ತ ಅದುವರೆಗೆ ಅಪ್‌ಗ್ರೇಡ್ ಮುಂದೂಡುತ್ತ ಬಂದಿದ್ದ ಅನೇಕರು ಒಟ್ಟಿಗೇ ವಿಂಡೋಸ್ 11 ಹಾಕಿಸಿಕೊಂಡರು. ಅವರಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರೂ ಒಬ್ಬರು. ಕೊಯ್ಲಿನ ಕಾಲವಾದ್ದರಿಂದ ಶನಿವಾರದ ಬಟವಾಡೆಗೆ ಯಾರು ಎಷ್ಟು ಕೆ.ಜಿ. ಹಣ್ಣು ಕುಯ್ದರು ಎಂಬ ಪಟ್ಟಿ ಸಿದ್ಧವಾಗಲೇಬೇಕು, ತೋಟದ ಆಫೀಸಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಮೊದಲು ನಾಲ್ಕು ಗಂಟೆ ಬರುತ್ತಿದ್ದ ಬ್ಯಾಟರಿ ಎರಡೂಕಾಲು ಗಂಟೆಗೇ ಕೈಕೊಡುತ್ತಿದೆ. ಪೇಟೆಯ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪನ್ನು ತೆರೆದೂ ನೋಡದೆ "ಬ್ಯಾಟರಿ ಹೋಗಿದೆ, ಬದಲಾಯಿಸಿ" ಎಂದಿದ್ದರಂತೆ. "ಹೋದ ವಾರದ ತನಕ ಸರಿಯಾಗೇ ಇತ್ತಲ್ಲ ಸಾರ್, ವಿಂಡೋಸ್ ಹಾಕಿದ ದಿನಾನೇ ಬ್ಯಾಟರಿ ಹೋಗುತ್ತಾ?" ಎಂದು ಅವರು ನನ್ನ ಮುಂದೆ ಲ್ಯಾಪ್‌ಟಾಪ್ ಇಟ್ಟರು.

ಪ್ರಶ್ನೆ ಸರಿಯಾಗಿಯೇ ಇತ್ತು. ಆಪರೇಟಿಂಗ್ ಸಿಸ್ಟಮ್ ಬದಲಾದ ಮಾತ್ರಕ್ಕೆ ಬ್ಯಾಟರಿಯೊಳಗಿನ ರಾಸಾಯನಿಕಗಳು ರಾತ್ರೋರಾತ್ರಿ ಹಾಳಾಗುವುದಿಲ್ಲ. ಹಂಡೆಯ ನೀರು ಬೇಗ ಖಾಲಿಯಾಗುತ್ತಿದ್ದರೆ ಹಂಡೆ ಸಣ್ಣದಾಗಿರಬೇಕು, ಇಲ್ಲವೇ ಮೊಗೆಯುವವರು ಹೆಚ್ಚಾಗಿರಬೇಕು. ಇವೆರಡರಲ್ಲಿ ಯಾವುದೆಂದು ತಿಳಿಯುವ ಮೊದಲೇ ಹಂಡೆ ಬದಲಾಯಿಸಲು ಹೊರಟರೆ ದುಡ್ಡು ದಂಡ. ಹಾಗೆಂದು ಹಂಡೆಯನ್ನು ಪೂರ್ತಿ ಮರೆಯುವಂತೆಯೂ ಇಲ್ಲ. ವಿಂಡೋಸ್ 11 ಒಪ್ಪಿಕೊಳ್ಳುವ ಇಂಟೆಲ್ ಪ್ರೊಸೆಸರ್‌ಗಳು ಸ್ಥೂಲವಾಗಿ ಎಂಟನೇ ಪೀಳಿಗೆಯಿಂದ, ಅಂದರೆ 2017ರ ನಂತರದವು. ಆದ್ದರಿಂದ ಈಚೆಗೆ ಅಪ್‌ಗ್ರೇಡ್ ಆದ ಹಳೆಯ ಯಂತ್ರಗಳಲ್ಲಿ ಬಹುಪಾಲಿನ ಬ್ಯಾಟರಿಗೆ ನಾಲ್ಕಾರು ವರ್ಷ ವಯಸ್ಸಾಗಿರುತ್ತದೆ, ಮತ್ತು ಹಳೆಯ ಸವಕಲೂ ಹೊಸ ಖರ್ಚೂ ಒಟ್ಟಿಗೆ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು.

ಆರಂಭಿಸುವ ಮೊದಲು ದಿನಗಳ ಲೆಕ್ಕ

ಅಪ್‌ಗ್ರೇಡ್ ಆದ ಮೊದಲ ಎರಡು ಮೂರು ದಿನಗಳ ಬ್ಯಾಟರಿ ಬಾಳಿಕೆಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಆ ದಿನಗಳಲ್ಲಿ ವಿಂಡೋಸ್ ನಿಮ್ಮ ಕಡತಗಳನ್ನೆಲ್ಲ ಹುಡುಕಾಟಕ್ಕಾಗಿ ಹೊಸದಾಗಿ ಪಟ್ಟಿ ಮಾಡಿಕೊಳ್ಳುತ್ತದೆ, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಡಿಸ್ಕನ್ನು ಜಾಲಾಡುತ್ತದೆ, ಉಳಿದ ಅಪ್‌ಡೇಟ್‌ಗಳು ಒಂದರ ಹಿಂದೆ ಒಂದು ಇಳಿಯುತ್ತವೆ. ಚಾರ್ಜರ್ ಸಿಕ್ಕಿಸಿ, ಇಂಟರ್‌ನೆಟ್ ಜೋಡಿಸಿ, ಒಂದು ರಾತ್ರಿಯಿಡೀ ಯಂತ್ರವನ್ನು ನಿದ್ರೆಗೆ ಹೋಗದಂತೆ ಬಿಟ್ಟರೆ ಈ ಕೆಲಸದ ಬಹುಪಾಲು ಮುಗಿಯುತ್ತದೆ.

ಆದರೆ ಕಾಯುವುದಕ್ಕೂ ಮಿತಿಯುಂಟು. ಹಳೆಯ ವಿಂಡೋಸ್‌ಗೆ ಮರಳುವ ‘ಗೋ ಬ್ಯಾಕ್’ ಅವಕಾಶವು ಸಾಮಾನ್ಯವಾಗಿ ಅಪ್‌ಗ್ರೇಡ್ ಆಗಿ 10 ದಿನಗಳವರೆಗೆ ಮಾತ್ರ ಇರುತ್ತದೆ. ಅದು ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ‘ರಿಕವರಿ’ ಎಂಬಲ್ಲಿದೆ. ಜಾಗ ಉಳಿಸಲೆಂದು ಸಿ ಡ್ರೈವ್‌ನ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಅಳಿಸಿದರೆ ಆ ಬಾಗಿಲು ಅಂದೇ ಮುಚ್ಚಿದಂತೆ. ಭದ್ರತೆಯ ಅಪ್‌ಡೇಟ್ ನಿಂತ ಸಿಸ್ಟಮ್‌ಗೆ ಬ್ಯಾಟರಿಗಾಗಿ ಮರಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೂ ಆ ದಾರಿ ಎಂದಿನವರೆಗೆ ತೆರೆದಿದೆ ಎಂಬುದು ಗೊತ್ತಿರಬೇಕು.

ಹಂತ 1: ಹಂಡೆಯ ಅಳತೆ

ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂಬ ಮೂರಕ್ಷರ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’, ಅಂದರೆ ಪವರ್ ಪದಕ್ಕೆ ಸಿ, ಎಫ್, ಜಿ ಸೇರಿಸಿ ಒಂದೇ ಪದವಾಗಿ ಟೈಪಿಸಿ, ಒಂದು ಖಾಲಿ ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ ‘ಬ್ಯಾಟರಿರಿಪೋರ್ಟ್’ ಎಂದು ಜಾಗ ಬಿಡದೆ ಬರೆದು ಎಂಟರ್ ಒತ್ತಿ. ವರದಿ ಎಲ್ಲಿ ಉಳಿಯಿತೆಂಬುದನ್ನು ಆ ಕಪ್ಪು ಪರದೆಯೇ ತಿಳಿಸುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಹೆಸರಿನ ಯೂಸರ್ ಫೋಲ್ಡರ್‌ನಲ್ಲಿರುತ್ತದೆ. ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆಯಿರಿ.

ವರದಿ ಉದ್ದವಾಗಿದೆ, ಆದರೆ ಮೊದಲ ಸುತ್ತಿಗೆ ಬೇಕಾದದ್ದು ‘ಇನ್‌ಸ್ಟಾಲ್ಡ್ ಬ್ಯಾಟರೀಸ್’ ಭಾಗದ ಎರಡು ಸಾಲುಗಳು ಮಾತ್ರ. ‘ಡಿಸೈನ್ ಕೆಪಾಸಿಟಿ’ ಎಂದರೆ ಬ್ಯಾಟರಿ ಕಾರ್ಖಾನೆಯಿಂದ ಬಂದಾಗ ಹಿಡಿಯಬೇಕಾಗಿದ್ದ ಶಕ್ತಿ, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗ ಪೂರ್ತಿ ತುಂಬಿಸಿದಾಗ ಹಿಡಿಯುತ್ತಿರುವ ಶಕ್ತಿ. ಎರಡೂ ಮಿಲಿವಾಟ್-ಅವರ್ ಲೆಕ್ಕದಲ್ಲಿರುತ್ತವೆ. ರೈಟರ ಲ್ಯಾಪ್‌ಟಾಪಿನಲ್ಲಿ ಮೊದಲನೆಯದು 45,000, ಎರಡನೆಯದು 36,000 ಇತ್ತು. ಅಂದರೆ ಶೇಕಡಾ 80 ಉಳಿದಿದೆ. ಐದು ವರ್ಷ ದುಡಿದ ಬ್ಯಾಟರಿಗೆ ಇದು ಒಳ್ಳೆಯ ಆರೋಗ್ಯವೇ. ಚಾರ್ಜ್ ಚಕ್ರಗಳನ್ನು ತಿಳಿಸುವ ‘ಸೈಕಲ್ ಕೌಂಟ್’ ಸಾಲು ಕೆಲವು ಯಂತ್ರಗಳಲ್ಲಿ ಖಾಲಿಯಾಗಿರುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಕೆಳಗೆ ‘ಬ್ಯಾಟರಿ ಕೆಪಾಸಿಟಿ ಹಿಸ್ಟರಿ’ಯಲ್ಲಿ ಹಿಂದಿನ ವಾರಗಳ ಅಂಕಿಗಳು ಉಳಿದುಕೊಂಡಿದ್ದರೆ ಇನ್ನೂ ಒಳ್ಳೆಯದು. ಸಾಮರ್ಥ್ಯ ಅಪ್‌ಗ್ರೇಡ್‌ಗೆ ಮೊದಲೇ ನಿಧಾನವಾಗಿ ಇಳಿಯುತ್ತ ಬಂದಿದ್ದರೆ ಅದು ವಯಸ್ಸಿನ ಫಲ. ಉಳಿದದ್ದು ಶೇಕಡಾ 60ಕ್ಕಿಂತ ಕೆಳಗೆ ಬಂದಿದ್ದರೆ ಮುಂದಿನ ಹಂತಗಳಿಂದ ಲಾಭವಾದರೂ ಅದು ಅಲ್ಪವೇ, ನೀವು ನೇರವಾಗಿ ಕೊನೆಯ ಭಾಗವನ್ನು ಓದಬಹುದು.

ಒಂದು ಎಚ್ಚರಿಕೆ. ಚಾರ್ಜ್ ಶೇಕಡಾ 80ರ ಹತ್ತಿರ ಬಂದು ನಿಂತುಬಿಡುತ್ತಿದ್ದರೆ ಅದು ದೋಷವಾಗಿರಲಿಕ್ಕಿಲ್ಲ. ಲೆನೊವೊ, ಏಸಸ್, ಡೆಲ್, ಎಚ್‌ಪಿ ಮೊದಲಾದವರ ಯಂತ್ರಗಳಲ್ಲಿ ಬ್ಯಾಟರಿಯ ಆಯುಷ್ಯ ಕಾಯಲು ಚಾರ್ಜನ್ನು ಮಿತಿಗೊಳಿಸುವ ಏರ್ಪಾಡಿದ್ದು, ಅದು ಕಂಪನಿಯ ತಂತ್ರಾಂಶದಲ್ಲೋ, ವಿಂಡೋಸ್‌ಗಿಂತ ಮೊದಲೇ ಓಡುವ ಬಯೋಸ್ ಎಂಬ ಮೂಲ ತಂತ್ರಾಂಶದಲ್ಲೋ ಇರುತ್ತದೆ. ಅಪ್‌ಗ್ರೇಡ್ ನಂತರ ಆ ತಂತ್ರಾಂಶವನ್ನು ಮತ್ತೆ ಹಾಕಿದಾಗ ಮಿತಿ ತಾನಾಗಿ ಆನ್ ಆಗಿರಬಹುದು, ಅಥವಾ ಮೊದಲಿದ್ದ ಮಿತಿ ಅಳಿಸಿಹೋಗಿರಬಹುದು.

ಹಂತ 2: ಮೊಗೆಯುವ ವೇಗ

ನನ್ನ ಅನುಭವದಲ್ಲಿ ಜನ ಬಿಟ್ಟುಬಿಡುವ ಹಂತ ಇದೇ, ಉತ್ತರ ಸಿಗುವುದೂ ಇಲ್ಲೇ. ಪರದೆಯ ಮೂಲೆಯಲ್ಲಿ ತೋರುವ "ಇನ್ನು ಇಷ್ಟು ಗಂಟೆ ಉಳಿದಿದೆ" ಎಂಬುದು ಆ ಕ್ಷಣದ ಬಳಕೆಯ ಮೇಲೆ ಕಟ್ಟಿದ ಅಂದಾಜು. ಅದನ್ನು ನಂಬಿ ಕೂರುವುದು ಮೋಡ ನೋಡಿ ಕಣದಲ್ಲಿ ಕಾಫಿ ಹರಡಿದಂತೆ. ಬದಲಿಗೆ ಹೀಗೆ ಮಾಡಿ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಚಾರ್ಜರ್ ಕಿತ್ತು, ಪರದೆಯ ಬೆಳಕನ್ನು ಅರ್ಧಕ್ಕಿಟ್ಟು, ನೀವು ದಿನವೂ ಮಾಡುವ ಕೆಲಸವನ್ನೇ ಒಂದೂವರೆ ಗಂಟೆ ಮಾಡಿ. ಆಮೇಲೆ ಮತ್ತೊಮ್ಮೆ ವರದಿ ತೆಗೆದು ‘ಬ್ಯಾಟರಿ ಯೂಸೇಜ್’ ಭಾಗಕ್ಕೆ ಹೋದರೆ, ಎಷ್ಟು ಹೊತ್ತಿನಲ್ಲಿ ಎಷ್ಟು ಮಿಲಿವಾಟ್-ಅವರ್ ಖರ್ಚಾಯಿತೆಂಬ ಸಾಲು ಕಾಣುತ್ತದೆ.

ರೈಟರ ಯಂತ್ರ ಒಂದೂವರೆ ಗಂಟೆಯಲ್ಲಿ 24,000 ಮಿಲಿವಾಟ್-ಅವರ್ ಕುಡಿದಿತ್ತು. ಗಂಟೆಗೆ 16,000, ಅಂದರೆ ಸರಾಸರಿ 16 ವಾಟ್. ತುಂಬಿದ 36,000ವನ್ನು 16,000ದಿಂದ ಭಾಗಿಸಿದರೆ ಎರಡೂಕಾಲು ಗಂಟೆ, ಅವರ ದೂರಿಗೆ ಚಾಚೂ ತಪ್ಪದ ಲೆಕ್ಕ. ಅದೇ ಬ್ಯಾಟರಿ ಹಿಂದೆ ನಾಲ್ಕು ಗಂಟೆ ಬರುತ್ತಿತ್ತೆಂದರೆ ಆಗಿನ ಖರ್ಚು ಸುಮಾರು 9 ವಾಟ್ ಇದ್ದಿರಬೇಕು. ಎಕ್ಸೆಲ್ ಹಾಳೆಯೊಂದನ್ನು ತೆರೆದಿಟ್ಟು ಅಂಕಿ ತುಂಬುವ ಯಂತ್ರಕ್ಕೆ 16 ವಾಟ್ ಏಕೆ ಬೇಕು? ಹಂಡೆ ಸರಿಯಿದೆ, ಯಾರೋ ಮೊಗೆಯುತ್ತಿದ್ದಾರೆ ಎಂಬುದು ಇಲ್ಲಿಗೆ ಖಚಿತವಾಯಿತು.

ನಿಮ್ಮ ಯಂತ್ರದ ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಏನನ್ನೇ ಬದಲಾಯಿಸಿದರೂ ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಮತ್ತೆ ಇದೇ ಅಳತೆ ಮಾಡಿ. ಹತ್ತು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ತಿರುಚಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದೇ ಇಲ್ಲ.

ಹಂತ 3: ಮೊಗೆಯುವವರು ಯಾರು

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ‘ಪವರ್ ಆ್ಯಂಡ್ ಬ್ಯಾಟರಿ’, ಅದರೊಳಗೆ ‘ಬ್ಯಾಟರಿ ಯೂಸೇಜ್’ ತೆರೆದರೆ ಕಳೆದ 24 ಗಂಟೆ ಅಥವಾ 7 ದಿನಗಳಲ್ಲಿ ಯಾವ ಆ್ಯಪ್ ಎಷ್ಟು ಪಾಲು ಬಳಸಿತು ಎಂಬ ಪಟ್ಟಿ ಸಿಗುತ್ತದೆ. ನೀವು ತೆರೆದೇ ಇಲ್ಲದ ಆ್ಯಪ್‌ನ ಹೆಸರು ಮೇಲಿದ್ದರೆ, ಅಥವಾ ಹಿನ್ನೆಲೆಯ ಬಳಕೆ ಮುನ್ನೆಲೆಯ ಬಳಕೆಗಿಂತ ಹೆಚ್ಚಿದ್ದರೆ ಅಲ್ಲಿ ಬೆರಳಿಡಿ. ಜೊತೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಯಾವ ಕೆಲಸವನ್ನೂ ಮಾಡದೆ ಐದು ನಿಮಿಷ ಸುಮ್ಮನೆ ನೋಡುತ್ತ ಕುಳಿತುಕೊಳ್ಳಿ. ಅಪ್‌ಗ್ರೇಡ್‌ನ ಆರಂಭದ ಗದ್ದಲ ಮುಗಿದ ಯಂತ್ರದಲ್ಲಿ ಸಿಪಿಯು, ಅಂದರೆ ಪ್ರೊಸೆಸರಿನ ಬಳಕೆ ಕೆಲವೇ ಶೇಕಡಾದಷ್ಟಿರಬೇಕು.

ರೈಟರ ಯಂತ್ರದಲ್ಲಿ ಸಿಕ್ಕಿಬಿದ್ದದ್ದು ಕ್ಲೌಡ್ ಸಿಂಕ್, ಅಂದರೆ ಕಡತಗಳನ್ನು ತಾನಾಗಿ ಆನ್‌ಲೈನಿಗೆ ಏರಿಸುತ್ತಿರುವ ಕೆಲಸ. ಹೊಸ ವಿಂಡೋಸ್ ಮೊದಲ ಬಾರಿ ತೆರೆದಾಗ ಬಂದ ಪ್ರಶ್ನೆಗಳಿಗೆಲ್ಲ ಅವರು ‘ನೆಕ್ಸ್ಟ್’ ಒತ್ತುತ್ತ ಹೋಗಿದ್ದರಿಂದ, ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಆನ್‌ಲೈನ್ ಬ್ಯಾಕಪ್‌ಗೆ ಸೇರಿಕೊಂಡಿತ್ತು. ಅದರಲ್ಲಿ ಆರೇಳು ವರ್ಷಗಳ ಹಾಜರಿ ಪುಸ್ತಕದ ಸ್ಕ್ಯಾನ್ ಪ್ರತಿಗಳೂ ತೋಟದ ಫೋಟೊಗಳೂ ಇದ್ದವು. ತೋಟದಲ್ಲಿ ಸಿಗುವುದು ಗುಡ್ಡದಾಚೆಯ ಟವರಿನ ಒಂದೆರಡು ಕಡ್ಡಿ ಸಿಗ್ನಲ್. ಒಂದು ಕಡತ ಮುಕ್ಕಾಲು ಏರುವಷ್ಟರಲ್ಲಿ ಸಂಪರ್ಕ ಕಡಿದು ಮತ್ತೆ ಮೊದಲಿನಿಂದ ಶುರು. ಪೇಟೆಯ ಫೈಬರ್ ಸಂಪರ್ಕದಲ್ಲಿ ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸ ಇಲ್ಲಿ ವಾರಗಟ್ಟಲೆ ಮುಗಿಯದೆ ಪ್ರೊಸೆಸರ್, ಡಿಸ್ಕ್, ವೈಫೈ ಮೂರನ್ನೂ ಎಚ್ಚರವಾಗಿಟ್ಟಿತ್ತು. ಮಲೆನಾಡಿನ ಒಳಗಿರುವವರು ಬೇರೆಲ್ಲಕ್ಕಿಂತ ಮೊದಲು ಇದನ್ನು ಪರೀಕ್ಷಿಸುವುದು ಒಳ್ಳೆಯದು. ಟಾಸ್ಕ್‌ಬಾರಿನ ಬಲತುದಿಯ ಮೋಡದ ಚಿತ್ರದ ಮೇಲೆ ಒತ್ತಿ ಸಿಂಕ್ ತಡೆಹಿಡಿಯಿರಿ, ಬ್ಯಾಕಪ್ ಪಟ್ಟಿಯಿಂದ ದೊಡ್ಡ ಫೋಲ್ಡರ್‌ಗಳನ್ನು ಕೈಬಿಡಿ. ಆದರೆ ಆ ಕಡತಗಳು ನಿಮ್ಮ ಯಂತ್ರದಲ್ಲಿ ನಿಜವಾಗಿಯೂ ಉಳಿದಿವೆಯೇ, ಆನ್‌ಲೈನಿಗೆ ಸ್ಥಳಾಂತರವಾಗಿವೆಯೇ ಎಂಬುದನ್ನು ನೋಡಿಕೊಳ್ಳದೆ ಏನನ್ನೂ ಅಳಿಸಬೇಡಿ. ಸಿಂಕ್ ನಿಲ್ಲಿಸಿದ ಮೇಲೆ ಖರ್ಚು 16ರಿಂದ 12 ವಾಟ್‌ಗೆ ಇಳಿಯಿತು. ಇನ್ನೂ ಮೂರು ವಾಟ್ ಎಲ್ಲೋ ಸೋರುತ್ತಿತ್ತು.

ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್ ಆ್ಯಪ್ಸ್’ ಪುಟದಲ್ಲಿ ಬೇಡದವನ್ನು ಆಫ್ ಮಾಡುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನೂ ಮಾಡಿ. ಎರಡೆರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಹಂತ 4: ಡ್ರೈವರ್‌ಗಳು

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಅಪ್‌ಗ್ರೇಡ್‌ನಲ್ಲಿ ಕಳೆದುಹೋಗಿದೆ ಎಂದರ್ಥ. ಆಗ ಪರದೆಯ ಕೆಲಸವೆಲ್ಲ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತದೆ.

ಹೆಸರು ಸರಿಯಿದ್ದರೂ ಒಂದು ಸಣ್ಣ ಪರೀಕ್ಷೆ ಮಾಡಿ. ಬ್ರೌಸರಿನಲ್ಲಿ ಒಂದು ವೀಡಿಯೊ ಓಡಿಸಿ, ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ ಸಾಲನ್ನು ಆಯ್ದು, ‘ವೀಡಿಯೊ ಡಿಕೋಡ್’ ಎಂಬ ಪುಟ್ಟ ಚೌಕವನ್ನು ಗಮನಿಸಿ. ವೀಡಿಯೊ ಓಡುವಾಗ ಅಲ್ಲಿ ಗೆರೆ ಮೇಲೇಳಬೇಕು. ಗೆರೆ ನೆಲಕ್ಕಂಟಿಕೊಂಡಿದ್ದು ಸಿಪಿಯು ಮಾತ್ರ ಏರುತ್ತಿದ್ದರೆ, ಗ್ರಾಫಿಕ್ಸ್ ಚಿಪ್ ಕಡಿಮೆ ಶಕ್ತಿಯಲ್ಲಿ ಮಾಡಬಹುದಾದ ಕೆಲಸವನ್ನು ಪ್ರೊಸೆಸರ್ ಹೆಚ್ಚು ಶಕ್ತಿ ಸುರಿದು ಮಾಡುತ್ತಿದೆ. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಆನ್ ಇದೆಯೇ ಎಂದು ನೋಡಿ, ಇದ್ದರೂ ಗೆರೆ ಏಳದಿದ್ದರೆ ಡ್ರೈವರ್ ಬದಲಾಯಿಸಬೇಕು.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಆಟಕ್ಕೆಂದು ಇಟ್ಟ ದೊಡ್ಡ ಚಿಪ್ ಸಾಮಾನ್ಯ ಕೆಲಸದಲ್ಲಿ ಮಲಗಿರಬೇಕು. ಅಪ್‌ಗ್ರೇಡ್ ನಂತರ ಬ್ರೌಸರೋ ವಾಲ್‌ಪೇಪರ್ ಬದಲಿಸುವ ಆ್ಯಪೋ ಅದನ್ನು ಎಬ್ಬಿಸಿ ಕೂರಿಸಿಕೊಂಡರೆ ಹಲವು ವಾಟ್ ಸುಮ್ಮನೆ ಸುಡುತ್ತದೆ. ಸೆಟ್ಟಿಂಗ್ಸ್‌ನ ‘ಡಿಸ್‌ಪ್ಲೇ’ ವಿಭಾಗದಲ್ಲಿ ‘ಗ್ರಾಫಿಕ್ಸ್’ ತೆರೆದು ಅಂಥ ಆ್ಯಪ್‌ಗಳಿಗೆ ‘ಪವರ್ ಸೇವಿಂಗ್’ ಆರಿಸಿ. ರೈಟರ ಯಂತ್ರದ ಉಳಿದ ಮೂರು ವಾಟ್ ಇಲ್ಲಿಯೇ ಸಿಕ್ಕಿತು.

ಡ್ರೈವರ್‌ಗಳನ್ನು ನಿಮ್ಮ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ, ತಳಭಾಗದ ಮಾದರಿ ಸಂಖ್ಯೆ ನೋಡಿ ಇಳಿಸಿಕೊಳ್ಳಿ. ಮೊದಲು ಚಿಪ್‌ಸೆಟ್, ಆಮೇಲೆ ಗ್ರಾಫಿಕ್ಸ್, ಆಮೇಲೆ ವೈಫೈ. ಬಯೋಸ್ ಅಪ್‌ಡೇಟ್ ಇದ್ದರೆ ಅದನ್ನೂ ಮಾಡಬಹುದು, ಆದರೆ ಬ್ಯಾಟರಿ ತುಂಬಿದ್ದು ಚಾರ್ಜರ್ ಸಿಕ್ಕಿಸಿದ್ದಾಗ ಮಾತ್ರ. ಮಳೆ ಗಾಳಿಯ ದಿನ, ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತಿರುವಾಗ ಅದಕ್ಕೆ ಕೈ ಹಾಕಬೇಡಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ" ಎನ್ನುವ ಉಚಿತ ತಂತ್ರಾಂಶಗಳಿಂದ ದೂರವಿರಿ, ಅವು ಬಿಟ್ಟುಹೋದ ಅವಾಂತರ ಬಿಡಿಸಲು ನಾನು ಕಳೆದ ಭಾನುವಾರಗಳು ಒಂದೆರಡಲ್ಲ.

ಹಂತ 5: ಪವರ್ ಸೆಟ್ಟಿಂಗ್‌ಗಳು

ಇದನ್ನು ಐದನೆಯದಾಗಿ ಇಟ್ಟದ್ದಕ್ಕೆ ಕಾರಣವಿದೆ. ಎಲ್ಲರೂ ಮೊದಲು ಮುಟ್ಟುವುದು ಇದನ್ನೇ, ಮೇಲಿನ ದೋಷಗಳಿದ್ದರೆ ಇದರಿಂದ ಸಿಗುವುದು ಹದಿನೈದಿಪ್ಪತ್ತು ನಿಮಿಷವಷ್ಟೇ. ‘ಪವರ್ ಮೋಡ್’ ಅಪ್‌ಗ್ರೇಡ್‌ನಲ್ಲಿ ಬದಲಾಗಿದ್ದರೆ ಬ್ಯಾಟರಿಯ ಮೇಲಿರುವಾಗ ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ಗೆ ತನ್ನಿ. ಪರದೆಯ ರಿಫ್ರೆಶ್ ರೇಟ್ 120 ಅಥವಾ 144 ಹರ್ಟ್ಜ್ ಇದ್ದರೆ 60ಕ್ಕೆ ಇಳಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ‘ಬ್ಯಾಟರಿ ಸೇವರ್’ ಜಾಗದಲ್ಲಿ ‘ಎನರ್ಜಿ ಸೇವರ್’ ಬಂದಿದೆ. ಅದನ್ನು ಶೇಕಡಾ 30ಕ್ಕೇ ಆನ್ ಆಗುವಂತೆ ಇಡುವುದು ನನ್ನ ರೂಢಿ.

‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಏರ್ಪಾಡನ್ನು ಆಫ್ ಮಾಡಿದರೆ ಬ್ಯಾಟರಿ ಉಳಿಯುತ್ತದೆ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಹಳೆಯ ಪ್ರೊಸೆಸರ್‌ಗಳ ಮೇಲೆ ಅದರ ಹೊರೆ ಇರುವುದು ನಿಜ. ಆದರೂ ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಕೆಲವು ನಿಮಿಷಗಳಿಗಾಗಿ ಬಾಗಿಲ ಚಿಲಕ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಹಂತ 6: ಮುಚ್ಚಿಟ್ಟಾಗಲೂ ಇಳಿಯುವ ಬ್ಯಾಟರಿ

ರಾತ್ರಿ ಮುಚ್ಚಳ ಮುಚ್ಚಿ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಬೆಳಿಗ್ಗೆ ತೆಗೆದಾಗ ಬೆಚ್ಚಗಿದ್ದು ಬ್ಯಾಟರಿ ಅರ್ಧಕ್ಕಿಳಿದಿದ್ದರೆ ಅದು ಬೇರೆಯೇ ರೋಗ. ಇತ್ತೀಚಿನ ಯಂತ್ರಗಳಲ್ಲಿ ಹಳೆಯ ಗಾಢ ನಿದ್ರೆಯ ಬದಲು ‘ಮಾಡರ್ನ್ ಸ್ಟ್ಯಾಂಡ್‌ಬೈ’ ಎಂಬ ಕೋಳಿನಿದ್ರೆಯಿದೆ. ಅದರಲ್ಲಿ ಯಂತ್ರ ನಡುನಡುವೆ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ಹುಡುಕುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ನಂತರ ಓರೆಗೆರೆ ಹಾಕಿ ‘ಎ’ ಎಂಬ ಒಂದೇ ಅಕ್ಷರ ಕೊಟ್ಟರೆ ನಿಮ್ಮ ಯಂತ್ರದಲ್ಲಿ ಯಾವ ಬಗೆಯ ನಿದ್ರೆ ಇದೆಯೆಂದು ತಿಳಿಯುತ್ತದೆ. ‘ಎಸ್0 ಲೋ ಪವರ್ ಐಡಲ್’ ಎಂದು ಬಂದರೆ ಅದೇ ಕೋಳಿನಿದ್ರೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದೇ ರೀತಿ ‘ಸ್ಲೀಪ್‌ಸ್ಟಡಿ’ ಎಂದು ಕೊಟ್ಟರೆ, ಪ್ರತಿ ನಿದ್ರೆಯಲ್ಲಿ ಎಷ್ಟು ಇಳಿಯಿತು, ಯಾರು ಎಬ್ಬಿಸಿದರು ಎಂಬ ವರದಿಯೂ, ‘ರಿಕ್ವೆಸ್ಟ್ಸ್’ ಎಂದು ಕೊಟ್ಟರೆ ಈ ಕ್ಷಣ ನಿದ್ರೆಗೆ ಅಡ್ಡಿ ಮಾಡುತ್ತಿರುವವರ ಪಟ್ಟಿಯೂ ಸಿಗುತ್ತದೆ.

ಇದಕ್ಕೆ ಗಟ್ಟಿ ಪರಿಹಾರವೆಂದರೆ ಹೈಬರ್ನೇಟ್. ಅದರಲ್ಲಿ ತೆರೆದ ಕೆಲಸವೆಲ್ಲ ಡಿಸ್ಕಿಗೆ ಬರೆದು ಯಂತ್ರ ಆರಿಹೋಗುವುದರಿಂದ ಬ್ಯಾಟರಿ ಹೆಚ್ಚುಕಡಿಮೆ ಇಟ್ಟಲ್ಲೇ ಇರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬಲ್ಲಿ, ಬ್ಯಾಟರಿಯ ಕೆಳಗೆ ‘ಹೈಬರ್ನೇಟ್’ ಆರಿಸಿ. ಪಟ್ಟಿಯಲ್ಲಿ ಅದು ಕಾಣದಿದ್ದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’, ಓರೆಗೆರೆ, ‘ಹೈಬರ್ನೇಟ್’, ಖಾಲಿ ಜಾಗ, ‘ಆನ್’ ಎಂದು ಕೊಡಿ. ತೆರೆಯುವಾಗ ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಹಂತ 7: ಶೇಕಡಾವಾರು ಸುಳ್ಳು ಹೇಳುತ್ತಿದ್ದರೆ

ಶೇಕಡಾ 30 ತೋರಿಸುತ್ತಿದ್ದ ಯಂತ್ರ ಏಕಾಏಕಿ ಆರಿಹೋದರೆ, ಬ್ಯಾಟರಿಯ ಅಳತೆಗೋಲು ದಾರಿ ತಪ್ಪಿರಬಹುದು. ಒಮ್ಮೆ ಪೂರ್ತಿ ತುಂಬಿಸಿ, ಒಂದೆರಡು ಗಂಟೆ ಚಾರ್ಜರಿನಲ್ಲೇ ಬಿಟ್ಟು, ಕಿತ್ತು, ಶೇಕಡಾ 5ರ ಹತ್ತಿರದವರೆಗೆ ಬಳಸಿ, ಮತ್ತೆ ತಡೆಯಿಲ್ಲದೆ ಪೂರ್ತಿ ತುಂಬಿಸಿ. ಚಾರ್ಜ್ ಮಿತಿ ಇದ್ದರೆ ಆ ಒಂದು ದಿನದ ಮಟ್ಟಿಗೆ ತೆಗೆದಿಡಿ. ಇದರಿಂದ ಎಣಿಕೆ ಸರಿಹೋಗುತ್ತದೆಯೇ ಹೊರತು ಕಳೆದ ಸಾಮರ್ಥ್ಯ ಮರಳುವುದಿಲ್ಲ. ಲಿಥಿಯಂ ಬ್ಯಾಟರಿಗೆ ಪೂರ್ತಿ ಖಾಲಿಯಾಗುವುದು ಹಿತವಲ್ಲವಾದ್ದರಿಂದ ಇದನ್ನು ತಿಂಗಳ ವ್ರತ ಮಾಡಿಕೊಳ್ಳಬೇಡಿ. ಎಣಿಕೆ ಸರಿಹೋದ ಮೇಲೂ ಏಕಾಏಕಿ ಆರುತ್ತಿದ್ದರೆ ಒಳಗಿನ ಸೆಲ್ ಒಂದು ಸೋತಿದೆ ಎಂದು ತಿಳಿಯಬಹುದು.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಎರಡು ಮಾತು

ಉಬುಂಟು ಅಪ್‌ಗ್ರೇಡ್ ಮಾಡಿದವರೂ ಇದೇ ಕ್ರಮ ಅನುಸರಿಸಬಹುದು. ‘ಯುಪವರ್’ ಬ್ಯಾಟರಿಯ ಸಾಮರ್ಥ್ಯ ತಿಳಿಸುತ್ತದೆ, ‘ಪವರ್‌ಟಾಪ್’ ಖರ್ಚು ಮಾಡುವವರನ್ನು ತೋರಿಸುತ್ತದೆ. ಬ್ಯಾಟರಿ ಉಳಿಸುವ ‘ಟಿಎಲ್‌ಪಿ’ ಮತ್ತು ‘ಪವರ್ ಪ್ರೊಫೈಲ್ಸ್ ಡೀಮನ್’ ಎರಡನ್ನೂ ಒಟ್ಟಿಗೆ ಓಡಿಸಬಾರದು, ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ. ಮ್ಯಾಕ್‌ನಲ್ಲಿ ಅಪ್‌ಗ್ರೇಡ್ ನಂತರ ಸ್ಪಾಟ್‌ಲೈಟ್ ಮತ್ತು ಫೋಟೋಸ್ ಹೊಸದಾಗಿ ಪಟ್ಟಿ ಮಾಡುವ ಕೆಲವು ದಿನ ಕಾದು, ಆಮೇಲೆ ‘ಆ್ಯಕ್ಟಿವಿಟಿ ಮಾನಿಟರ್’ನ ‘ಎನರ್ಜಿ’ ಪುಟ ನೋಡಿ.

ಬ್ಯಾಟರಿಯನ್ನೇ ಬದಲಾಯಿಸಬೇಕಾದಾಗ

ಟಚ್‌ಪ್ಯಾಡ್ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ತಳ ಮೇಜಿನ ಮೇಲೆ ಸಮವಾಗಿ ನಿಲ್ಲದೆ ಅಲುಗಾಡಿದರೆ ಮೇಲಿನ ಯಾವ ಹಂತವೂ ಬೇಡ. ಅದು ಊದಿಕೊಂಡ ಬ್ಯಾಟರಿ. ಯಂತ್ರವನ್ನು ಕೂಡಲೇ ಆಫ್ ಮಾಡಿ, ಚಾರ್ಜ್ ಮಾಡದೆ, ಒತ್ತದೆ, ಚುಚ್ಚದೆ ದುರಸ್ತಿಯವರಲ್ಲಿಗೆ ಒಯ್ಯಿರಿ. ಉಳಿದ ಸಾಮರ್ಥ್ಯ ತೀರಾ ಕುಸಿದಿರುವವರು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಮೊದಲು ದರ ವಿಚಾರಿಸಿ. ಹೊರಗೆ ಕೊಳ್ಳುವುದಾದರೆ ಬ್ಯಾಟರಿಯ ಪಾರ್ಟ್ ಸಂಖ್ಯೆ, ವೋಲ್ಟೇಜ್, ವಾಟ್-ಅವರ್ ಮೂರೂ ಹಳೆಯದಕ್ಕೆ ಹೊಂದಬೇಕು, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಗುರುತೂ ಇರಬೇಕು. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ತಯಾರಕರ ಹೊಣೆ, ಆದ್ದರಿಂದ ಹೊಸದನ್ನು ಹಾಕಿಸುವ ಕಡೆಯೇ ಹಳೆಯದನ್ನು ತೆಗೆದುಕೊಳ್ಳುವಂತೆ ಕೇಳಿ.

ಹೊಸ ಬ್ಯಾಟರಿ ಕೂರಿಸಿದ ದಿನವೇ, ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಸಾಧ್ಯವಾದರೆ, ಮೊದಲ ಹಂತದ ವರದಿಯನ್ನು ಮತ್ತೊಮ್ಮೆ ತೆಗೆದು ಆ ದಿನದ ತಾರೀಖಿನ ಹೆಸರಿನಲ್ಲಿ ಉಳಿಸಿ. ಪೂರ್ತಿ ಚಾರ್ಜಿನ ಅಂಕಿ ವಿನ್ಯಾಸದ ಅಂಕಿಗೆ ಹತ್ತಿರವಿರಬೇಕು, ಚಕ್ರಗಳ ಎಣಿಕೆ ತೋರಿಸುವ ಯಂತ್ರವಾದರೆ ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ನೂರಾರು ಚಕ್ರ ಕಂಡರೆ ಅದು ಬಳಸಿದ ಬ್ಯಾಟರಿ, ಬಿಲ್ಲಿನೊಂದಿಗೆ ಅಂದೇ ಹಿಂತಿರುಗಿಸಿ.